ಪೆಲೆನಾಟೊನ ಮನೆ ಮುಂದಿನ ಕಟ್ಟೆ

ನಾನು ಕೊಟ್ಟ ಪಾನಿಕೆಕೆಯನ್ನು ಎರಡು ಹೋಳು ಮಾಡಿ, ಮೂಸಿ ನೋಡಿ, ಆಮೇಲೆ ಬಾಯಿಗೆ ಹಾಕುತ್ತಿದ್ದ ಗಿರಾಕಿ ಇಡೀ ಸಾಲೆಲೊಲೊಗಾ ಬಂದರಿನಲ್ಲಿ ಒಬ್ಬನೇ. ಹೆಸರು ಪೆಲೆನಾಟೊ. ಇಪ್ಪತ್ತೆರಡು ವರ್ಷದಿಂದ ಇದೇ ಬಾಣಲೆ, ಇದೇ ಹಿಟ್ಟು, ಇದೇ ನಾನು. ಎಣ್ಣೆಯಲ್ಲಿ ಕರಿದ ಆ ಸಿಹಿ ಉಂಡೆಯೊಳಗೆ ನಾನು ಏನು ಬಚ್ಚಿಡೋಕೆ ಸಾಧ್ಯ ಅಂತ ಒಂದು ದಿನ ಜಗಳಕ್ಕೇ ನಿಂತೆ. ನಿನ್ನ ಮೇಲಲ್ಲ ಸಿನಾ, ಹಿಟ್ಟಿನ ಮೇಲೆ ಅನುಮಾನ ಅಂದ. ಅಂದು, ತಿಂದು, ಇನ್ನೆರಡು ಕಟ್ಟಿಸಿಕೊಂಡು ಹೋದ. ಅವನ ಜೊತೆ ಜಗಳ ಆಡಿ ಗೆದ್ದವರಿಲ್ಲ.

ಅವನು ನಮ್ಮ ಎರಡು ದ್ವೀಪಗಳ ನಡುವೆ ಓಡಾಡುವ ಹಡಗಿನ ಇಂಜಿನ್ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವನು. ಮೇಲೆ ಜನ, ಹಂದಿಮರಿ, ಟ್ಯಾರೋ ಗೆಡ್ಡೆಯ ಚೀಲ, ಬಸ್ಸು, ಕಾರು, ಕೆಳಗೆ ಇವನು. ಬೇರೆಯವರು ಮೀಟರು ನೋಡಿದರೆ ಇವನು ಕಬ್ಬಿಣಕ್ಕೆ ಅಂಗೈ ಊರಿ ಕಣ್ಣು ಮುಚ್ಚುತ್ತಿದ್ದ. ಅರ್ಧ ನಿಮಿಷ ಬಿಟ್ಟು, "ಏನೋ ಇದೆ" ಅನ್ನುತ್ತಿದ್ದ. ನೂರರಲ್ಲಿ ತೊಂಬತ್ತು ಸಲ ಏನೂ ಇರುತ್ತಿರಲಿಲ್ಲ. ಆದರೆ ಒಂದು ಸಲ ನಡು ಸಮುದ್ರದಲ್ಲಿ ನೀರಿನ ಕೊಳವೆಯೊಂದು ಬಿರಿಯುವುದನ್ನು ಅದು ಬಿರಿಯುವ ಮೊದಲೇ ಹೇಳಿದ್ದ. ಅವತ್ತಿನಿಂದ ಕ್ಯಾಪ್ಟನ್ನೂ ಅವನ ಅನುಮಾನಕ್ಕೆ ತಲೆಬಾಗಿದ. ಹಡಗಿಗೆ ಅದು ಒಳ್ಳೆಯ ಗುಣ. ನೆಲದ ಮೇಲೆ ಅದೇ ಗುಣ ಹಿಡಿದುಕೊಂಡು ಬದುಕೋದು ಅಂದರೆ, ದೇವರೇ, ಸುತ್ತಲಿನವರ ಕರ್ಮ.

ಕೆಲಸ ಮುಗಿಯಲು ಆರು ತಿಂಗಳು ಇರುವಾಗ ಆಫೀಸಿನಿಂದ ಕಾಗದ ಬಂತು. ಇಂಥ ತಾರೀಖಿಗೆ ನಿವೃತ್ತಿ, ಆ ತಿಂಗಳ ಕೊನೆಗೆ ಆಚೆ ದ್ವೀಪದ ಮೂಲಿಫನೂವಾ ಬಂದರಿನ ಸಿಬ್ಬಂದಿ ಕೋಣೆ ಖಾಲಿ ಮಾಡಬೇಕು ಅಂತ. ಅವನು ಅದನ್ನು ನನ್ನ ಅಂಗಡಿಗೆ ತಂದು, ಬಿಸಿಲಿಗೆ ಹಿಡಿದು, ಹಿಂದುಮುಂದು ತಿರುಗಿಸಿ ನೋಡಿದ. ಹುಟ್ಟಿದ ವರ್ಷ ತಪ್ಪು ಹಾಕಿದ್ದಾರೆ, ನನ್ನನ್ನು ಬೇಗ ಓಡಿಸೋಕೆ ಗುಮಾಸ್ತ ಮಾಡಿದ ಕೆಲಸ ಅಂತ ತೀರ್ಮಾನ ಮಾಡಿದ. ಪಾದ್ರಿಯ ಮನೆಗೆ ಹೋಗಿ ದೀಕ್ಷಾಸ್ನಾನದ ಪುಸ್ತಕ ತೆಗೆಸಿದ. ಅದರಲ್ಲಿ ನೋಡಿದರೆ ಇವನಿಗೆ ಆಫೀಸಿನವರು ಹೇಳಿದ್ದಕ್ಕಿಂತ ಎರಡು ವರ್ಷ ಜಾಸ್ತಿ. ಬಾಯಿ ಮುಚ್ಚಿಕೊಂಡು ವಾಪಸ್ ಬಂದ. ನಾನು ಎರಡು ದಿನ ನಕ್ಕೆ.

ನಕ್ಕೆ ನಿಜ, ಆದರೆ ಅವನ ಭಯ ಏನು ಅಂತ ನನಗೆ ಗೊತ್ತಿತ್ತು. ಅವನ ಜೊತೆ ದುಡಿದ ಒಬ್ಬ ಹಿರಿಯ ಕೆಲಸ ಬಿಟ್ಟ ಮೇಲೆ ಆಕ್ಲೆಂಡಿನ ಮಗಳ ಮನೆಗೆ ಹೋಗಿದ್ದ. ಎರಡು ಚಳಿಗಾಲ ಹೀಟರಿನ ಮುಂದೆ ಕೂತ, ಮೂರನೆಯದಕ್ಕೆ ಪೆಟ್ಟಿಗೆಯಲ್ಲಿ ವಾಪಸ್ ಬಂದ. ಆ ಪೆಟ್ಟಿಗೆಯನ್ನು ಹಡಗಿನಿಂದ ಇಳಿಸಿದ್ದು ಪೆಲೆನಾಟೊನೇ. ಅವನಿಗಾದರೂ ಮಗಳಿದ್ದಳು. ಪೆಲೆನಾಟೊನಿಗೆ ಮಕ್ಕಳಿಲ್ಲ, ಹೆಂಡತಿ ತೀರಿಹೋಗಿ ಹನ್ನೆರಡು ವರ್ಷ. ಉಳಿದದ್ದು ನಮ್ಮೂರಿನಲ್ಲಿ, ಅಕ್ಕನ ಮನೆ ಪಕ್ಕದಲ್ಲಿ, ರಸ್ತೆಗೆ ಮುಖ ಮಾಡಿದ ಎರಡು ಕೋಣೆಯ ಮನೆ. ಅದಕ್ಕೂ ಹನ್ನೆರಡು ವರ್ಷದಿಂದ ಬೀಗ. ಮನೆ ಅವನು ಕಟ್ಟಿದ್ದು. ನೆಲ ಮಾತ್ರ ಇಡೀ ಮನೆತನದ್ದು, ಅದು ಯಾರಿಗೆ ಅಂತ ಹೇಳುವವನು ಮನೆತನದ ಯಜಮಾನ. ಯಾರು ಊರಲ್ಲಿದ್ದು ಮನೆತನಕ್ಕೆ ದುಡಿಯುತ್ತಾರೋ ಅವರ ಮಾತು ನಡೆಯುತ್ತದೆ. ಇವನು ಪ್ರತಿ ಸಾವಿಗೆ, ಪ್ರತಿ ಮದುವೆಗೆ, ಚರ್ಚಿನ ಪ್ರತಿ ಚಾವಣಿಗೆ ತನ್ನ ಪಾಲು ಕಳಿಸಿದ್ದೇನೋ ನಿಜ. ತಾನು ಮಾತ್ರ ಹೋಗುತ್ತಿರಲಿಲ್ಲ. ಹೆಂಡತಿ ಇಲ್ಲದ ಮನೆಗೆ ಹೋಗಿ ಏನು ಮಾಡಲಿ ಅನ್ನುತ್ತಿದ್ದ.

ಈಗ ಹೋಗಲೇಬೇಕಾಗಿ ಬಂದಾಗ ಅವನ ತಲೆಗೆ ಹುಳ ಹೊಕ್ಕಿತು. ಆ ಮನೆ ನನಗೆ ಉಳಿದಿದೆಯಾ?

ಸತ್ಯ ಹೇಳಿಬಿಡುತ್ತೇನೆ, ಆ ಹುಳಕ್ಕೆ ಮೇವು ಹಾಕಿದವಳು ನಾನೇ. ನಮ್ಮದೂ ಅದೇ ಊರು. ಅವನ ಅಕ್ಕ ಮೊಯೆಲಾಗಿ ನನಗೆ ಚಿಕ್ಕಂದಿನಿಂದ ಗೊತ್ತು. ನೆಟ್ಟಗೆ ನಡೆಯುವ, ಕಮ್ಮಿ ಮಾತಿನ ಹೆಂಗಸು. ಚರ್ಚಿನ ಹೆಂಗಸರ ಸಂಘದಲ್ಲಿ ಅವಳು ಕೆಮ್ಮಿದರೆ ಸಾಕು, ಸದ್ದು ಅಡಗುತ್ತದೆ. ಆ ಮೊಯೆಲಾಗಿ ಒಂದು ಬೆಳಿಗ್ಗೆ ಮಗ ಕಿರಿಫಿಯ ಜೊತೆ ಬಂದರಿಗೆ ಬಂದಳು. ನನ್ನ ಅಂಗಡಿಯ ಕಡೆ ತಿರುಗಿಯೂ ನೋಡದೆ ಹಡಗು ಹತ್ತಿದಳು. ಕಿರಿಫಿಯ ಕಂಕುಳಲ್ಲಿ ಒಂದು ದೊಡ್ಡ ಕಂದು ಲಕೋಟೆ. ಹದಿನೈದು ದಿನ ಬಿಟ್ಟು ಮತ್ತೆ ಹಾಗೇ. ಅದೇ ಲಕೋಟೆ. ಈ ಸಲ ನಾನು ಹತ್ತಿರ ಹೋಗಿ ಎಲ್ಲಿಗೆ ಸವಾರಿ ಅಂತ ಕೇಳಿದೆ. ಆಪಿಯಾದಲ್ಲಿ ಸ್ವಲ್ಪ ಕೆಲಸ ಅಂದಳು. ಪೆಲೆನಾಟೊನಿಗೆ ಹೇಳ್ಬೇಡ, ಅವನಿಗೆ ಕೆಲಸದ ಹೊತ್ತು ಅಂತ ಸೇರಿಸಿದಳು.

ಹೇಳಬೇಡ ಅಂದದ್ದನ್ನು ಹೇಳದೆ ಇರುವ ಜಾಯಮಾನ ನನ್ನದಲ್ಲ. ಅವತ್ತು ಸಂಜೆ ಹಡಗು ವಾಪಸ್ ಬಂದ ಕೂಡಲೇ ಹೇಳಿದೆ. ಅವನು ಪಾನಿಕೆಕೆ ಮುರಿಯುತ್ತಿದ್ದ ಕೈ ನಿಲ್ಲಿಸಿದ.

"ಲಕೋಟೆ ಎಷ್ಟು ದೊಡ್ಡದು?"

ನಾನು ಕೈ ಅಗಲಿಸಿ ತೋರಿಸಿದೆ.

"ನೆಲದ ನಕ್ಷೆ ಅಷ್ಟೇ ದೊಡ್ಡದಿರುತ್ತೆ," ಅಂದ. "ಏನೋ ಇದೆ."

ನನಗೂ ಹಾಗೇ ಅನ್ನಿಸಿತ್ತು, ನೋಡಿ. ಭೂಮಿಯ ಕೋರ್ಟು ಆಚೆ ದ್ವೀಪದ ರಾಜಧಾನಿ ಆಪಿಯಾದಲ್ಲಿದೆ. ತಮ್ಮನಿಂದ ಬಚ್ಚಿಟ್ಟುಕೊಂಡು, ಮಗನ ಕೈಯಲ್ಲಿ ಕಾಗದ ಹೊರಿಸಿಕೊಂಡು ಹೋಗುವ ಅಕ್ಕನಿಗೆ ಅಲ್ಲಿ ಇನ್ಯಾವ ಕೆಲಸ? ನಾವಿಬ್ಬರೂ ಕೂತು ದಿನಕ್ಕೊಂದು ಲೆಕ್ಕಾಚಾರ ಹಾಕಿದೆವು. ಕಿರಿಫಿಗೆ ನಾಲ್ಕು ಮಕ್ಕಳು, ಜಾಗ ಸಾಲದು. ರಸ್ತೆ ಬದಿಯ ಮನೆ, ಅಂಗಡಿ ಇಟ್ಟರೆ ಓಡುತ್ತದೆ. ಹೀಗೆ ಒಂದೊಂದೇ ಕಡ್ಡಿ ಸೇರಿಸಿ ಗೂಡು ಕಟ್ಟಿದೆವು. ಫೋನ್ ಮಾಡಿ ಕೇಳಿಬಿಡು ಮಾರಾಯ ಅಂತ ಒಂದು ಸಲ ಅಂದೆ. ಅಕ್ಕನನ್ನು ಏನಂತ ಕೇಳೋದು ಅಂತ ತಲೆ ತಗ್ಗಿಸಿದ. ಅದೂ ಸರಿಯೇ. ನಮ್ಮಲ್ಲಿ ಗಂಡಸು ಅಕ್ಕನ ಎದುರು ದನಿ ಎತ್ತುವ ಹಾಗಿಲ್ಲ. ಅಕ್ಕ ನೊಂದುಕೊಂಡು ಒಂದು ಮಾತು ಆಡಿದರೆ ತಮ್ಮನ ವಂಶವೇ ಒಣಗುತ್ತದೆ ಅಂತ ಹೆದರಿಕೆ. ವಂಶವೇ ಇಲ್ಲದ ಪೆಲೆನಾಟೊನೂ ಅದಕ್ಕೆ ಹೆದರುತ್ತಿದ್ದ.

ಆಮೇಲೆ ಕಟ್ಟೆಯ ವಿಷಯ ಬಂತು.

ಅವನ ನಿವೃತ್ತಿಗೆ ಇನ್ನು ಮೂರು ವಾರ ಇದ್ದಾಗ ನಾನು ಭಾನುವಾರದ ಊಟಕ್ಕೆ ಊರಿಗೆ ಹೋಗಿದ್ದೆ. ಸೋಮವಾರ ಬೆಳಿಗ್ಗೆ ಬಸ್ಸಿಗೆ ಕಾಯುತ್ತ ನಿಂತರೆ, ಪೆಲೆನಾಟೊನ ಬೀಗ ಹಾಕಿದ ಮನೆಯ ಎದುರಿಗೆ ಕಿರಿಫಿ ಮತ್ತು ಇಬ್ಬರು ಗಂಡಸರು ಸಿಮೆಂಟು ಕಲಸುತ್ತಿದ್ದಾರೆ. ಹತ್ತಿರ ಹೋದೆ. ಉದ್ದಕ್ಕೆ ಗುಂಡಿ ತೋಡಿ, ಒಳಗೋಡೆಗೆ ಇಟ್ಟಿಗೆ ಕಟ್ಟಿ, ಮೇಲೆ ಮುಚ್ಚಲು ಕಾಂಕ್ರೀಟ್ ಚಪ್ಪಡಿ ಹಾಕುತ್ತಿದ್ದರು. ಸಮಾಧಿಯ ಕಟ್ಟೆ. ನಮ್ಮಲ್ಲಿ ಯಾರ ಅಂಗಳದಲ್ಲಿ ಸಮಾಧಿ ಇಲ್ಲ ಹೇಳಿ, ನಮ್ಮಜ್ಜಿಯ ಸಮಾಧಿಯ ಮೇಲೆ ಊರಿಗೆ ಹೋದಾಗೆಲ್ಲ ನಾನೇ ಬಟ್ಟೆ ಒಣಗಿಸುತ್ತೇನೆ. ಆದರೆ ಯಾರ ಹೆಣ ಅಂಗಳದಲ್ಲಿ ಮಲಗುತ್ತದೋ ನೆಲ ಅವರ ಮಕ್ಕಳಿಗೆ, ಒಡಹುಟ್ಟಿದವರಿಗೆ ಅಂತ ನಮ್ಮವರ ನಂಬಿಕೆ. ಕೋರ್ಟಿನ ಕಾಗದಕ್ಕಿಂತ ಅದು ಗಟ್ಟಿ.

ಯಾರದಪ್ಪಾ ಇದು ಅಂತ ಕಿರಿಫಿಯನ್ನು ಕೇಳಿದೆ. ಅಮ್ಮ ಕಟ್ಟು ಅಂದಳು, ಕಟ್ತಿದ್ದೀನಿ ಅಂದು ಮುಖ ತಿರುಗಿಸಿದ. ಮೊಯೆಲಾಗಿ ತನ್ನ ಮನೆಯ ಚಾಪೆಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದಳು. ಒಳಗಿನಿಂದ ಅವಳ ಗಂಡ ಉಯೆಲೆ ಕೆಮ್ಮಿದ.

ಆ ಕೆಮ್ಮು ಕೇಳಿದ್ದೇ ನನಗೆ ಎಲ್ಲ ಹೊಳೆದುಹೋಯಿತು ಅಂದುಕೊಂಡೆ. ಉಯೆಲೆ ಬೇರೆ ಊರಿನವನು, ಈ ನೆಲದಲ್ಲಿ ಅವನಿಗೆ ಹಕ್ಕಿಲ್ಲ. ಹತ್ತು ವರ್ಷದಿಂದ ಉಬ್ಬಸ, ಇವತ್ತೋ ನಾಳೆಯೋ ಅನ್ನುತ್ತ ಮಲಗಿದ್ದಾನೆ. ಅವನನ್ನು ಪೆಲೆನಾಟೊನ ಬಾಗಿಲಲ್ಲಿ ಮಲಗಿಸಿಬಿಟ್ಟರೆ ಮುಗಿಯಿತು. ಆ ಮನೆ ಕಿರಿಫಿಯದ್ದು, ಅವನ ಮಕ್ಕಳದ್ದು. ಪೆಲೆನಾಟೊ ತನ್ನ ಮನೆಗೆ ಹೋಗಲು ಭಾವನ ಸಮಾಧಿ ಸುತ್ತಿಕೊಂಡು, ಸೋದರಳಿಯನ ಅಪ್ಪಣೆ ಕೇಳಿ ಹೋಗಬೇಕು. ಎಂಥ ಲೆಕ್ಕಾಚಾರ ಅಂತ ನನಗೆ ಮೈಯೆಲ್ಲ ಉರಿಯಿತು. ಬಸ್ಸಿನುದ್ದಕ್ಕೂ ಗೊಣಗುತ್ತ ಬಂದೆ. ಹಡಗು ಬಂದ ಕೂಡಲೇ ಅವನಿಗೆ ಉಪ್ಪುಖಾರ ಹಚ್ಚಿ ಹೇಳಿದೆ.

ಅವತ್ತು ಅವನು ಪಾನಿಕೆಕೆ ಮುರಿಯಲಿಲ್ಲ. ತಿನ್ನದೆ ಜೇಬಿಗೆ ಹಾಕಿಕೊಂಡು ಇಂಜಿನ್ ಕೋಣೆಗೆ ಇಳಿದ.

ಆ ಮೂರು ವಾರ ಅವನನ್ನು ನೋಡಿ ನನಗೇ ಗಾಬರಿ. ಎಲ್ಲದರ ಮೇಲೂ ಅನುಮಾನ. ಹಡಗಿನವರು ಗುಂಪುಗೂಡಿ ಮಾತಾಡಿದರೆ ತನ್ನ ಬಗ್ಗೆಯೇ. ಕ್ಯಾಪ್ಟನ್ ಹೆಗಲ ಮೇಲೆ ಕೈ ಇಟ್ಟರೆ ಇವನಿಗೇನು ಈಗ ಇಷ್ಟು ಪ್ರೀತಿ ಅಂತ. ಕಿರಿಫಿ ಫೋನ್ ಮಾಡಿ, ಮಾವ, ಯಾವ ದಿನ ಬರ್ತೀರಿ, ಮನೆ ಗುಡಿಸಿ ಇಡ್ತೀನಿ ಅಂದನಂತೆ. ಗುಡಿಸೋ ನೆಪದಲ್ಲಿ ಬೀಗದ ಕೈ ಕೇಳ್ತಾನೆ ಅಂತ ಕೊಡಲಿಲ್ಲ. ನಾನು ಎಲ್ಲಿ ಮಲಗ್ಬೇಕು ಅಂತ ಅಕ್ಕ, ಅಳಿಯ ಸೇರಿ ಗೊತ್ತುಮಾಡಿ ಆಯ್ತು ಸಿನಾ ಅಂದ ಒಂದು ದಿನ. ನನಗೆ ಅಳು ಬಂತು, ಮೊಯೆಲಾಗಿಯ ಮೇಲೆ ಸಿಟ್ಟೂ ಬಂತು. ಅವಳನ್ನು ನೇರವಾಗಿ ಹೋಗಿ ಕೇಳುವ ಬುದ್ಧಿ ಮಾತ್ರ ನಮ್ಮಿಬ್ಬರಿಗೂ ಬರಲಿಲ್ಲ.

ಕೊನೆಯ ದಿನ ಹಡಗು ನಮ್ಮ ಬಂದರಿಗೆ ಬರುವಾಗ ಉದ್ದಕ್ಕೆ ಮೂರು ಸಲ ಕೂಗು ಹಾಕಿತು. ಅವನ ಕೊರಳಲ್ಲಿ ಹೂವಿನ ಹಾರ, ಹೆಗಲಲ್ಲಿ ಹಡಗಿನವರು ಕೊಟ್ಟ ಹೊಸ ಚಾಪೆ, ಒಂದು ಕೈಯಲ್ಲಿ ಟ್ರಂಕು. ಇನ್ನೊಂದು ಕೈಯಲ್ಲಿ ಗೋಣಿಚೀಲ, ಅದರಲ್ಲಿ ಏನೋ ಭಾರ. ಚೀಲ ನೆಲಕ್ಕೆ ತಗುಲಿದಾಗ ಠಣ್ ಅಂತು. ಬಾಯಿ ಬಿಚ್ಚಿ ನೋಡಿದರೆ ಕಲ್ಲು ಒಡೆಯುವ ಸುತ್ತಿಗೆ. ಬಾಣಲೆಯ ಕೆಳಗಿನ ಬೆಂಕಿ ನಂದಿಸಿ, ಅಂಗಡಿಗೆ ಹಲಗೆ ಇಟ್ಟು, ಅವನ ಜೊತೆಗೇ ಬಸ್ಸು ಹತ್ತಿದೆ. ಬೇಡ ಕಣೋ ಅಂತ ದಾರಿಯುದ್ದಕ್ಕೂ ಹೇಳಿದೆ. ಅವನು ಕಿಟಕಿಯಾಚೆ ಸಮುದ್ರ ನೋಡುತ್ತ ಕೂತಿದ್ದ.

ಊರಲ್ಲಿ ಇಳಿದಾಗ ಮಧ್ಯಾಹ್ನ ಮೂರು ಗಂಟೆ. ಅವನ ಅಂಗಳವನ್ನು ಯಾರೋ ಗುಡಿಸಿದ್ದರು. ಬಾಗಿಲ ಎರಡೂ ಕಡೆ ಹೊಸ ಹೂವಿನ ಗಿಡ. ಅವನು ಅದ್ಯಾವುದನ್ನೂ ನೋಡಲಿಲ್ಲ. ಕಟ್ಟೆ ನೋಡಿದ. ಬಿಳಿ ಬಣ್ಣ ಬಳಿದು ನುಣ್ಣಗೆ ಕಟ್ಟಿದ್ದ ಕಟ್ಟೆ. ಟ್ರಂಕು ಇಳಿಸಿ, ಚಾಪೆಯನ್ನು ಅದರ ಮೇಲಿಟ್ಟು, ಹಾರ ತೆಗೆದು ಚಾಪೆಯ ಮೇಲೆ ಹಾಕಿ, ಸುತ್ತಿಗೆ ಎತ್ತಿದ. ಪಕ್ಕದ ಅಕ್ಕನ ಮನೆಗೆ, ನಮ್ಮ ಹಳೇ ಮನೆಗಳ ಹಾಗೆ, ಗೋಡೆ ಇಲ್ಲ. ಕಂಬಗಳ ನಡುವೆ ಮೊಯೆಲಾಗಿ ದಿಂಬಿಗೆ ಒರಗಿ ಕೂತಿದ್ದು ನಮಗೆ ಕಾಣುತ್ತಿತ್ತು. ಅಕ್ಕನ ಮುಖ ನೋಡಿಕೊಂಡು ಆ ಕೆಲಸ ಮಾಡಲಾರದೆ ಅವನು ಅತ್ತ ಬೆನ್ನು ತಿರುಗಿಸಿ ನಿಂತು ಹೊಡೆದ.

ಚಪ್ಪಡಿಯ ಒಂದು ಮೂಲೆ ಬಿರುಕು ಬಿಟ್ಟಿತು. ಕಿರಿಫಿ ಎಲ್ಲಿಂದಲೋ ಓಡಿ ಬಂದ. ಮೊಯೆಲಾಗಿ ಕೂತಲ್ಲಿಂದಲೇ ಕೈ ಎತ್ತಿ ಮಗನನ್ನು ತಡೆದಳು.

"ಮೆಲ್ಲಗೆ ಹೊಡಿ, ಪೆಲೆ," ಅಂದಳು. "ಅದು ನನ್ನದು."

ಅವನು ಸುತ್ತಿಗೆ ಹಿಡಿದೇ ತಿರುಗಿದ. ನಾನೂ ಆಗಲೇ ಅವಳನ್ನು ಸರಿಯಾಗಿ ನೋಡಿದ್ದು. ಮೂರು ವಾರದಲ್ಲಿ ಅರ್ಧ ಆಗಿದ್ದಳು. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಆ ಸೋಮವಾರ ದೂರದಿಂದ ಅವಳು ಕೂತದ್ದನ್ನು ನೋಡಿ ಏನು ಗತ್ತು ಅಂತ ಬೈದುಕೊಂಡಿದ್ದೆ. ಏಳೋಕೆ ಆಗುತ್ತಿರಲಿಲ್ಲ, ಅದಕ್ಕೆ ಕೂತಿದ್ದಳು.

"ಉಯೆಲೆದು ಅಂದ್ಕೊಂಡ್ಯಾ?" ಅಂದಳು. "ಅವನಿಗೆಲ್ಲಿ ಸಾವು. ಇನ್ನೂ ಹತ್ತು ವರ್ಷ ಕೆಮ್ತಾನೆ."

ಉಯೆಲೆ ಒಳಗೆ ಕೆಮ್ಮಿದ. ಯಾರೂ ನಗಲಿಲ್ಲ.

ಆಮೇಲೆ ಅವಳು ನಿಲ್ಲಿಸಿ ನಿಲ್ಲಿಸಿ ಹೇಳಿದಳು. ಹೊಟ್ಟೆಯಲ್ಲಿ ಗಡ್ಡೆ. ಆಪಿಯಾದ ದೊಡ್ಡ ಆಸ್ಪತ್ರೆಗೆ ಏಳು ಸಲ ಹೋಗಿದ್ದಳು. ಆ ಕಂದು ಲಕೋಟೆಯಲ್ಲಿ ಇದ್ದದ್ದು ಅವಳ ಎಕ್ಸ್‌ರೇ. ಇನ್ನು ಕೆಲವು ತಿಂಗಳು ಅಂತ ಹೇಳಿ ಕಳಿಸಿದ್ದರು. ಅದೇ ಹೊತ್ತಿಗೆ ಮನೆತನದ ಸಭೆಯಲ್ಲಿ ಯಜಮಾನ, ಪೆಲೆನಾಟೊ ಇನ್ನು ಬರೋನಲ್ಲ, ಬಾಗಿಲು ಹಾಕಿದ ಮನೆ ಕೆಡವಿ ತನ್ನ ಮಗ ಅಂಗಡಿ ಕಟ್ಟಲಿ ಅಂದನಂತೆ. ತಲೆ ಆಡಿಸಿ ಒಪ್ಪಿದವರೂ ಇದ್ದರು. ಮೊಯೆಲಾಗಿ ಎದ್ದು ನಿಂತು, ನನ್ನನ್ನು ನನ್ನ ತಮ್ಮನ ಬಾಗಿಲಲ್ಲಿ ಮಣ್ಣು ಮಾಡಿ, ಬೇರೆ ಕಡೆ ನಾನು ಮಲಗಲ್ಲ ಅಂದಳು. ಸಾಯುವ ಹೆಂಗಸು, ಮನೆತನದ ಹಿರಿಯ ಮಗಳು. ಅವಳ ಮಾತು ಮುರಿಯುವ ಧೈರ್ಯ ಯಜಮಾನನಿಗೂ ಬರಲಿಲ್ಲ. ಅವಳ ಸಮಾಧಿ ಇರುವ ಅಂಗಳದಲ್ಲಿ ಇನ್ನು ಯಾರೂ ಅಂಗಡಿ ಕಟ್ಟಲಾರರು.

ಪೆಲೆನಾಟೊ ಸುತ್ತಿಗೆಯನ್ನು ನೆಲಕ್ಕೆ ಇಳಿಸಿದ್ದು ಯಾವಾಗ ಅಂತ ನಾನು ನೋಡಲಿಲ್ಲ. ಅಕ್ಕನ ಎದುರು ಚಾಪೆಯ ಅಂಚಿನಲ್ಲಿ ಕೂತಿದ್ದ, ತಲೆ ಬಗ್ಗಿಸಿಕೊಂಡು.

"ನನಗೆ ಹೇಳ್ಬೇಕಿತ್ತಲ್ಲಕ್ಕ."

"ಹೇಳಿದ್ರೆ ನಂಬ್ತಿದ್ಯಾ? ಡಾಕ್ಟರ್ ಮೇಲೆ ಅನುಮಾನ ಪಡ್ತಿದ್ದೆ. ಅವರ ಮಿಷನ್ ಬಿಚ್ಚಿ ನೋಡ್ತೀನಿ ಅಂತಿದ್ದೆ. ಕೆಲಸ ಬಿಟ್ಟು ಬಂದ್ಬಿಡ್ತಿದ್ದೆ, ಕೊನೇ ದಿನದ ಹಾರವೂ ಇಲ್ದೆ."

"ಏಳು ಸಲ ಹೋದ್ಯಲ್ಲ. ಯಾವ ಹಡಗಲ್ಲಿ?"

"ನಿನ್ನ ಹಡಗಲ್ಲೇ. ಇನ್ಯಾವುದಿದೆ?"

"ನಾನು ಕೆಳಗೇ ಇದ್ದೆ."

"ಗೊತ್ತು," ಅಂದಳು ಅವಳು. "ಅದಕ್ಕೇ ನಾನು ಮೇಲೆ ಕೂತೆ." ಸ್ವಲ್ಪ ಉಸಿರು ತೆಗೆದುಕೊಂಡು ಅಂದಳು: "ಸುಮ್ನೆ ಕೂರೋಕೆ ನಿನಗೆ ಬರಲ್ಲ, ಪೆಲೆ. ಕೆಲಸ ಇಲ್ದೆ ಸತ್ತೋಗ್ತೀಯ. ಇಷ್ಟು ವರ್ಷ ಹಡಗು ನೋಡ್ಕೊಂಡೆ, ಇನ್ಮೇಲೆ ಇದನ್ನ ನೋಡ್ಕೋ. ನಾನು ಅಲ್ಲಿದ್ರೆ ನಿನ್ನನ್ನ ಅಲ್ಲಿಂದ ಯಾರೂ ಏಳ್ಸಲ್ಲ."

ನಾಚಿಕೆಯಿಂದ ನಾನು ನೆಲ ನೋಡಿದೆ. ನನ್ನ ನಾಲಿಗೆ ಕತ್ತರಿಸಿ ಹಂದಿಗೆ ಹಾಕಬೇಕು ಅನ್ನಿಸಿತು. ಮೊಯೆಲಾಗಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬಿಸಿಲಲ್ಲಿ ಬಂದಿದ್ದೀರಿ, ಕೋಕೋ ಕುಡೀರಿ ಅಂದಳು.

ಅವಳು ಇನ್ನು ನಾಲ್ಕೂವರೆ ತಿಂಗಳು ಇದ್ದಳು. ಅಷ್ಟೂ ದಿನ ಅವಳಿಗೆ ಗಂಜಿ ಕಾಯಿಸಿದ್ದು, ದಿಂಬು ಸರಿಮಾಡಿದ್ದು, ಮಾತ್ರೆಯ ಹೊತ್ತು ಕಾದದ್ದು ಪೆಲೆನಾಟೊ. ಮಾತ್ರೆಗಳನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದ, ಅದು ಬೇರೆ ಮಾತು. ಮಣ್ಣು ಮಾಡಿದ ಮೇಲೆ ಕಿರಿಫಿ ಚಪ್ಪಡಿಯ ಬಿರುಕಿಗೆ ಸಿಮೆಂಟು ತುಂಬಲು ಬಂದ. ಪೆಲೆನಾಟೊ ಬಿಡಲಿಲ್ಲ. ಅದು ನನ್ನದು, ಹಾಗೇ ಇರಲಿ ಅಂದ.

ಈಗ ಅವನು ಆ ಮನೆಯಲ್ಲೇ ಇದ್ದಾನೆ. ಬೆಳಿಗ್ಗೆ ಅಂಗಳ ಗುಡಿಸುತ್ತಾನೆ, ಕಟ್ಟೆಗೆ ನೀರು ಹಾಕಿ ತೊಳೆಯುತ್ತಾನೆ, ಮಳೆಗಾಲ ಕಳೆದ ಮೇಲೆ ಸುಣ್ಣ ಬಳಿಯುತ್ತಾನೆ. ಯಜಮಾನ ರಸ್ತೆಯಲ್ಲಿ ಹೋಗುವಾಗ ತಲೆ ತಗ್ಗಿಸಿ ಹೋಗುತ್ತಾನೆ. ನಾನು ಊರಿಗೆ ಹೋದಾಗ ಪಾನಿಕೆಕೆ ಕಟ್ಟಿಕೊಂಡು ಹೋಗಿ ಅವನ ಪಕ್ಕ ಕಟ್ಟೆಯ ಮೇಲೆ ಕೂರುತ್ತೇನೆ. ಅವನು ಮುರಿದು, ಮೂಸಿ, ತಿನ್ನುತ್ತಾನೆ. ಈಗ ನಾನು ಜಗಳ ತೆಗೆಯುವುದಿಲ್ಲ.

ಹೋದ ಭಾನುವಾರ ಹೋದಾಗ ಅವನು ಕಟ್ಟೆಯ ಪಕ್ಕ ಮಂಡಿಯೂರಿ, ಬಿರುಕಿನ ಹತ್ತಿರ ಅಂಗೈ ಊರಿ, ಕಣ್ಣು ಮುಚ್ಚಿಕೊಂಡಿದ್ದ. ಹಡಗಿನಲ್ಲಿ ಮಾಡುತ್ತಿದ್ದ ಹಾಗೆಯೇ. ನಾನು ಹಳೇ ಚಾಳಿಗೆ ಕೀಟಲೆ ಮಾಡಿದೆ, ಏನಪ್ಪಾ, ಏನೋ ಇದೆಯಾ ಅಂದೆ. ಅವನು ಕೈ ತೆಗೆಯಲಿಲ್ಲ.

"ಏಳು ಸಲ, ಸಿನಾ," ಅಂದ. "ನನ್ನ ತಲೆ ಮೇಲೇ ಕೂತಿದ್ದಳು. ಆಗ ಕೇಳಿಸ್ಬೇಕಿತ್ತು."